ಕಣ್ಣುಜ್ಜುವ ಮಕ್ಕಳು, ಪದೇ ಪದೇ ಬದಲಾಗುವ ಕನ್ನಡಕ: ಕೆರಟೋಕೋನಸ್‌ಗೆ ಕ್ರಾಸ್‌ಲಿಂಕಿಂಗ್ ಎಷ್ಟು ಫಲಕಾರಿ?

ಕೆಲವು ವರ್ಷಗಳ ಹಿಂದಿನ ಮಾತು. ಈದುಲ್ ಫಿತ್ರ್ ಕಳೆದ ವಾರ ಶಿವಪುರದ ನನ್ನ ದವಾಖಾನೆಗೆ ಒಬ್ಬ ತಾಯಿ ತಮ್ಮ 17 ವರ್ಷದ ಮಗನನ್ನು ಕರೆದುಕೊಂಡು ಬಂದರು. “ಡಾಕ್ಟರ್ ಸಾಬ್, ಎರಡು ವರ್ಷದಲ್ಲಿ ಮೂರು ಕನ್ನಡಕ ಆಯ್ತು. ಹೊಸದು ಹಾಕಿ ನಾಲ್ಕು ತಿಂಗಳಾಗಿಲ್ಲ, ಮತ್ತೆ ಮಂಜು ಅಂತಾನೆ. ಮೊಬೈಲ್ ನೋಡಿ ನೋಡಿ ಕಣ್ಣಿಗೆ ಉಷ್ಣ ಆಗಿದೆ. ತಂಪಾಗೋ ಹಾಗೆ ಏನಾದ್ರೂ ಕೊಡಿ” ಎಂದರು.

“ಏನು ಬೇಟಾ, ಹೇಗೆ ಕಾಣುತ್ತೆ?” ಎಂದು ಹುಡುಗನನ್ನೇ ಕೇಳಿದೆ. ಅವನು ಸಂಕೋಚದಿಂದ ಒಂದು ವಿಷಯ ಹೇಳಿದ. ಈದ್‌ನ ಚಂದ್ರ ನೋಡಲು ಗೆಳೆಯರ ಜೊತೆ ಮಾಳಿಗೆ ಹತ್ತಿದ್ದನಂತೆ. ಎಡಗಣ್ಣು ಮುಚ್ಚಿಕೊಂಡು ನೋಡಿದರೆ ಬಲಗಣ್ಣಿಗೆ ಒಂದರ ಕೆಳಗೊಂದು ಮೂರು ಚಂದ್ರ ಕಂಡವಂತೆ. ಹೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ಈ ಮಾತು ಹೇಳುವಷ್ಟರಲ್ಲೇ ಅವನು ಎರಡು ಸಲ ಬೆರಳಿನ ಗೆಣ್ಣಿನಿಂದ ಬಲಗಣ್ಣನ್ನು ಗಟ್ಟಿಯಾಗಿ ಉಜ್ಜಿಕೊಂಡ.

ನಾನು ತಂಪಿನ ಔಷಧಿ ಕೊಡಲಿಲ್ಲ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಅಲ್ಲಿ ಪರೀಕ್ಷೆ ಮಾಡಿದಾಗ ಎರಡೂ ಕಣ್ಣಿನಲ್ಲಿ ಕೆರಟೋಕೋನಸ್ ಎಂಬ ಕಾಯಿಲೆ ಇರುವುದು ತಿಳಿಯಿತು. ಎಡಗಣ್ಣಿನಲ್ಲಿ ಆಗಷ್ಟೇ ಶುರುವಾಗಿತ್ತು. ಅದಕ್ಕೆ ಕೊಲಾಜನ್ ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಮಾಡಿದರು. ಬಲಗಣ್ಣಿಗೆ ಆ ಚಿಕಿತ್ಸೆಯ ಕಾಲ ಮೀರಿಹೋಗಿತ್ತು.

ಒಂದೇ ಹುಡುಗ, ಒಂದೇ ಕಾಯಿಲೆ. ಒಂದು ಕಣ್ಣು ಉಳಿಯಿತು, ಇನ್ನೊಂದು ಕೈತಪ್ಪಿತು. ಈ ವ್ಯತ್ಯಾಸ ಏಕೆ ಬಂತು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಲಿ ಎಂದು ಈ ಲೇಖನ.

ಕಾಯಿಲೆ ಏನು?

ಕಣ್ಣಿನ ಮುಂಭಾಗದಲ್ಲಿ, ಕರಿಗುಡ್ಡೆಯ ಮೇಲೆ, ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪಟಲವಿದೆ. ಅದೇ ಕಾರ್ನಿಯಾ. ನಮ್ಮ ಯುನಾನಿ ಗ್ರಂಥಗಳಲ್ಲಿ ಅದಕ್ಕೆ ‘ಕರ್ನಿಯಾ’ ಎನ್ನುತ್ತಾರೆ. ಅರಬಿಯಲ್ಲಿ ‘ಕರ್ನ್’ ಎಂದರೆ ಕೊಂಬು. ತೆಳುವಾಗಿ ಹೆರೆದ ಕೊಂಬಿನ ಹಾಗೆ ಗಟ್ಟಿಯಾಗಿಯೂ ಪಾರದರ್ಶಕವಾಗಿಯೂ ಇರುವುದರಿಂದ ಆ ಹೆಸರು. ಗ್ರೀಕ್‌ನ ‘ಕೆರಾಸ್’ ಎಂಬುದಕ್ಕೂ ಕೊಂಬು ಎಂದೇ ಅರ್ಥ. ಕೆರಟೋಕೋನಸ್ ಎಂದರೆ ಈ ಪಟಲ ತೆಳುವಾಗಿ, ಶಂಕುವಿನ ಆಕಾರದಲ್ಲಿ ಮುಂದಕ್ಕೆ ಉಬ್ಬುವ ಕಾಯಿಲೆ. ಇಂಗ್ಲೆಂಡಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು.

ಇದು ವಯಸ್ಸಾದವರಿಗೆ ಬರುವ ಪೊರೆಯಲ್ಲ. ಪೊರೆ ಬರುವುದು ಕಣ್ಣಿನ ಒಳಗಿನ ಮಸೂರದಲ್ಲಿ. ಅದನ್ನು ತೆಗೆದು ಬೇರೆ ಮಸೂರ ಇಟ್ಟರೆ ದೃಷ್ಟಿ ಮರಳುತ್ತದೆ. ಕೆರಟೋಕೋನಸ್ ಹಾಗಲ್ಲ. ಇದು ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗಿ 30-40 ವರ್ಷದವರೆಗೂ ಮುಂದುವರಿಯುತ್ತದೆ. ಓದುವ, ಕೆಲಸ ಕಲಿಯುವ ವಯಸ್ಸಿನಲ್ಲೇ ಕಾಡುತ್ತದೆ.

ಕಾರ್ನಿಯಾದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಬಲವಿರುವುದು ಕೊಲಾಜನ್ ಎಂಬ ಸಣ್ಣ ನಾರುಗಳಲ್ಲಿ. ಹಳೆಯ ಸೈಕಲ್ ಟೈರನ್ನು ನೆನಪಿಸಿಕೊಳ್ಳಿ. ಟೈರಿನ ಒಳಗಿನ ದಾರ ಸವೆದ ಜಾಗದಲ್ಲಿ ಟ್ಯೂಬು ಹೊರಗೆ ಉಬ್ಬಿ ಬರುತ್ತದೆ. ಗಾಳಿ ಹೆಚ್ಚಾಯಿತೆಂದು ಉಬ್ಬುವುದಲ್ಲ, ಟೈರಿಗೆ ತಡೆಯುವ ಶಕ್ತಿ ಕಡಿಮೆಯಾಗಿ ಉಬ್ಬುವುದು. ಕಣ್ಣಿನ ಒಳಗೂ ಸಹಜವಾದ ಒತ್ತಡ ಇದ್ದೇ ಇದೆ. ನಾರುಗಳ ಹಿಡಿತ ಸಡಿಲವಾದ ಕಡೆ ಕಾರ್ನಿಯಾ ತೆಳುವಾಗಿ ಉಬ್ಬುತ್ತದೆ. ಬೆಳಕು ಓರೆಕೋರೆಯಾಗಿ ಒಳಹೋಗುತ್ತದೆ. ಒಂದು ದೀಪ ಎರಡಾಗಿ, ಒಂದು ಚಂದ್ರ ಮೂರಾಗಿ ಕಾಣುತ್ತದೆ.

ಯಾರಿಗೆ ಬರುತ್ತದೆ?

ಇದು ಅಪರೂಪದ ಕಾಯಿಲೆ ಎಂದು ಹಿಂದೆ ತಿಳಿದಿದ್ದರು. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಲೆಕ್ಕದಂತೆ ಸುಮಾರು 2,000 ಜನರಲ್ಲಿ ಒಬ್ಬರಿಗೆ ಇತ್ತು. ನಮ್ಮಲ್ಲಿ ಹಾಗಿಲ್ಲ. ಮಧ್ಯ ಭಾರತದ ಹಳ್ಳಿಗಳಲ್ಲಿ 30 ವರ್ಷ ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ನೂರರಲ್ಲಿ 2.3 ಮಂದಿಯಲ್ಲಿ ಇದರ ಲಕ್ಷಣ ಇದೆ ಎಂದಿತು. ಸೌದಿಯ ರಿಯಾದ್‌ನಲ್ಲಿ ಬೇರೆ ತೊಂದರೆಗಳಿಗಾಗಿ ಆಸ್ಪತ್ರೆಗೆ ಬಂದ 6ರಿಂದ 21 ವರ್ಷದವರನ್ನು ಪರೀಕ್ಷಿಸಿದಾಗ (ವರದಿ 2018ರದ್ದು) ನೂರಕ್ಕೆ ಸುಮಾರು 5 ಮಂದಿಯಲ್ಲಿ ಇದು ಕಂಡುಬಂತು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಬಿಳಿಯರಿಗಿಂತ ದಕ್ಷಿಣ ಏಷ್ಯಾ ಮೂಲದವರಲ್ಲಿ ಇದು 4 ಪಟ್ಟು ಹೆಚ್ಚು, ಅದೂ ಇನ್ನೂ ಚಿಕ್ಕ ವಯಸ್ಸಿನಲ್ಲಿ ಎಂದು 2000ದಲ್ಲೇ ವರದಿಯಾಗಿದೆ.

ಕಾರಣ ಒಂದೇ ಅಲ್ಲ. ಮುಖ್ಯವಾದವು ಮೂರು.

ಮೊದಲನೆಯದು ಕಣ್ಣುಜ್ಜುವುದು. ಅಲರ್ಜಿ ಇರುವ ಮಕ್ಕಳಿಗೆ ಕಣ್ಣು ತುರಿಸುತ್ತಲೇ ಇರುತ್ತದೆ. ನಮ್ಮ ಮದ್ದೂರು, ಮಳವಳ್ಳಿ ಕಡೆಯ ಬೇಸಿಗೆಯ ಧೂಳು, ಆಲೆಮನೆಯ ಹೊಗೆ, ರಸ್ತೆಬದಿಯ ಕಾಂಗ್ರೆಸ್ ಗಿಡ, ಇವೆಲ್ಲ ಕಣ್ಣು ಕೆರಳಿಸುತ್ತವೆ. ಮಗು ಮುಷ್ಟಿ ಮಾಡಿ ಕಣ್ಣು ತಿಕ್ಕುತ್ತದೆ. ಮೊದಲೇ ಸಡಿಲವಾದ ನಾರುಗಳಿಗೆ ದಿನಕ್ಕೆ ಹತ್ತಾರು ಸಲ ಈ ಪೆಟ್ಟು ಬೀಳುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಈ ಕಾಯಿಲೆಯವರ ಕಣ್ಣೀರನ್ನು ಪರೀಕ್ಷಿಸಿ, ಅಂಗಾಂಶವನ್ನು ಸವೆಸುವ ಎಂಎಂಪಿ-9 ಎಂಬ ಕಿಣ್ವ ಅದರಲ್ಲಿ ಹೆಚ್ಚಿರುವುದನ್ನು 2015ರಲ್ಲಿ ಪ್ರಕಟಿಸಿದರು. ಅಂದರೆ ಉರಿಯೂತಕ್ಕೂ ಈ ಕಾಯಿಲೆಗೂ ನಂಟಿದೆ.

ಎರಡನೆಯದು ವಂಶ. ತಂದೆ, ತಾಯಿ, ಅಣ್ಣ, ಅಕ್ಕ ಯಾರಿಗಾದರೂ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಹೆಚ್ಚು.

ಮೂರನೆಯದು ಹತ್ತಿರದ ರಕ್ತಸಂಬಂಧದಲ್ಲಿ ಮದುವೆ. ಇದನ್ನು ಬರೆಯುವಾಗ ಸ್ವಲ್ಪ ಹಿಂಜರಿಕೆ ಆಗುತ್ತದೆ, ಆದರೂ ಹೇಳಬೇಕು. ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅತ್ತೆಯ ಮಕ್ಕಳ ನಡುವಿನ ಮದುವೆಗೆ ನಮ್ಮ ಶರೀಅತ್‌ನಲ್ಲಿ ಅನುಮತಿಯಿದೆ, ಕಡ್ಡಾಯವೇನೂ ಇಲ್ಲ. ಇದು ನಮ್ಮ ಸಮುದಾಯದಲ್ಲಿ ಮಾತ್ರ ಇರುವ ರೂಢಿಯೂ ಅಲ್ಲ, ದಕ್ಷಿಣ ಕರ್ನಾಟಕದ ಬಹಳ ಮನೆಗಳಲ್ಲಿ ಸೋದರ ಸಂಬಂಧ ನಡೆದುಬಂದಿದೆ. ಇಂಥ ಮದುವೆಯಾದವರ ಮಕ್ಕಳಲ್ಲಿ ಕೆರಟೋಕೋನಸ್ ಹೆಚ್ಚು ಎಂದು ಮಧ್ಯಪ್ರಾಚ್ಯದ ಅಧ್ಯಯನಗಳು ತೋರಿಸಿವೆ. ಕುಟುಂಬದಲ್ಲಿ ಈಗಾಗಲೇ ಕಾಯಿಲೆ ಇದ್ದರೆ, ಮತ್ತೆ ಅದೇ ಕುಟುಂಬದೊಳಗೆ ಸಂಬಂಧ ಮಾಡುವ ಮುನ್ನ ಯೋಚಿಸುವುದು ಒಳ್ಳೆಯದು.

ಗುರುತಿಸುವುದು ಹೇಗೆ?

ಆರಂಭದಲ್ಲಿ ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ. ಕೆಂಪಿಲ್ಲ, ನೋವಿಲ್ಲ. ಆದ್ದರಿಂದಲೇ ತಡವಾಗುವುದು. ಈ ಲಕ್ಷಣಗಳನ್ನು ಗಮನಿಸಿ:

ಆರು ತಿಂಗಳಿಗೆ, ವರ್ಷಕ್ಕೆ ಕನ್ನಡಕದ ನಂಬರ್ ಬದಲಾಗುತ್ತಿದ್ದರೆ, ಅದರಲ್ಲೂ ಓರೆ ನಂಬರ್ ಅಂದರೆ ಸಿಲಿಂಡರ್ ಏರುತ್ತಿದ್ದರೆ;
ಹೊಸ ಕನ್ನಡಕ ಹಾಕಿದರೂ ದೃಷ್ಟಿ ಪೂರ್ತಿ ಸ್ಪಷ್ಟವಾಗದಿದ್ದರೆ;
ಒಂದು ಕಣ್ಣು ಮುಚ್ಚಿಕೊಂಡು ನೋಡಿದಾಗಲೂ ಬೀದಿದೀಪ, ಚಂದ್ರ, ಅಕ್ಷರಗಳಿಗೆ ನೆರಳು ನೆರಳಾಗಿ ಎರಡು ಮೂರು ರೂಪ ಕಂಡರೆ;
ರಾತ್ರಿ ಎದುರು ಬರುವ ವಾಹನದ ಬೆಳಕು ಚದುರಿ ಕಣ್ಣು ಕುಕ್ಕಿದರೆ;
ಮಗು ಸದಾ ಕಣ್ಣುಜ್ಜುತ್ತಿದ್ದರೆ.

ಮಕ್ಕಳು ಒಂದು ಕಣ್ಣು ಚೆನ್ನಾಗಿದ್ದರೆ ಅದರಲ್ಲೇ ಕೆಲಸ ಸಾಗಿಸುತ್ತಾರೆ, ಇನ್ನೊಂದರ ತೊಂದರೆ ಅವರಿಗೇ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ. ಇದಕ್ಕೆ ಖರ್ಚಿಲ್ಲ.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆ ನಂಬರ್ ಹೇಳುತ್ತದೆ, ಈ ಕಾಯಿಲೆಯನ್ನು ಹೇಳುವುದಿಲ್ಲ. ಇದಕ್ಕೆ ಕಾರ್ನಿಯಾ ಟೋಪೋಗ್ರಫಿ ಎಂಬ ಪರೀಕ್ಷೆ ಬೇಕು. ಯಂತ್ರದ ಮುಂದೆ ಗಲ್ಲ ಇಟ್ಟು ಕೆಲವು ಸೆಕೆಂಡು ನೋಡಿದರೆ ಸಾಕು, ಕಾರ್ನಿಯಾದ ಉಬ್ಬುತಗ್ಗು ಬಣ್ಣದ ನಕ್ಷೆಯಾಗಿ ಬರುತ್ತದೆ. ನೋವಿಲ್ಲ. ಮದುವೆಗೆ ಮುಂಚೆ ಕನ್ನಡಕ ಬಿಡಿಸಲು ಲೇಸರ್ ಮಾಡಿಸಿಕೊಳ್ಳುವ ಯುವಕ ಯುವತಿಯರಿಗೂ ಒಂದು ಎಚ್ಚರಿಕೆ: ಒಳಗೇ ಕೆರಟೋಕೋನಸ್ ಇದ್ದವರಿಗೆ ಲೇಸಿಕ್ ಮಾಡಿದರೆ ಕಾರ್ನಿಯಾ ಇನ್ನೂ ಬಲಹೀನವಾಗುತ್ತದೆ. ಟೋಪೋಗ್ರಫಿ ಇಲ್ಲದೆ ಲೇಸಿಕ್‌ಗೆ ಒಪ್ಪಬೇಡಿ.

ಕ್ರಾಸ್‌ಲಿಂಕಿಂಗ್ ಎಂದರೇನು?

1990ರ ದಶಕದವರೆಗೆ ಈ ಕಾಯಿಲೆಗೆ ಕನ್ನಡಕ, ಗಟ್ಟಿ ಲೆನ್ಸ್, ಕೊನೆಗೆ ಕಾರ್ನಿಯಾ ಕಸಿ, ಇಷ್ಟೇ ದಾರಿಗಳಿದ್ದವು. ಕಾಯಿಲೆಯನ್ನೇ ನಿಲ್ಲಿಸುವ ಉಪಾಯ ಇರಲಿಲ್ಲ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗರ್ ವೊಲೆನ್ಸಾಕ್ ಮತ್ತು ಅವರ ಜೊತೆಯವರು ಇದರ ಬಗ್ಗೆ ಕೆಲಸ ಮಾಡಿದರು. ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದವರಲ್ಲಿ ಕೆರಟೋಕೋನಸ್ ವಿರಳ ಎಂಬುದು ವೈದ್ಯರ ಗಮನಕ್ಕೆ ಬಂದಿತ್ತು. ರಕ್ತದ ಸಕ್ಕರೆ ಕೊಲಾಜನ್ ನಾರುಗಳ ನಡುವೆ ಬೆಸುಗೆ ಹಾಕಿ ಅವನ್ನು ಗಟ್ಟಿ ಮಾಡುತ್ತದೆ. ವಯಸ್ಸಾದಂತೆ ಎಲ್ಲರಲ್ಲೂ ಇಂಥ ಬೆಸುಗೆ ತಾನಾಗಿ ಹೆಚ್ಚುತ್ತದೆ. ನಲವತ್ತರ ಹೊತ್ತಿಗೆ ಕಾಯಿಲೆ ತಣ್ಣಗಾಗುವುದೂ ಇದರಿಂದಲೇ. ಈ ಬೆಸುಗೆಯನ್ನು ಬೇಗನೆ, ಬೇಕಾದ ಜಾಗದಲ್ಲಿ ಮಾಡಿಕೊಡುವುದೇ ಕ್ರಾಸ್‌ಲಿಂಕಿಂಗ್. ಚಪ್ಪರದ ಗಳುಗಳು ಓಲಾಡದಂತೆ ಅಡ್ಡಗಳು ಇಟ್ಟು ಬಿಗಿದು ಕಟ್ಟಿದ ಹಾಗೆ.

ವಿಧಾನ ಹೀಗಿದೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕುತ್ತಾರೆ. ಕಾರ್ನಿಯಾದ ಮೇಲ್ಪದರವನ್ನು ಮೆಲ್ಲನೆ ಸರಿಸುತ್ತಾರೆ. ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2ರ ಹಳದಿ ಹನಿಗಳನ್ನು ಅರ್ಧ ಗಂಟೆ ಹಾಕಿ ಹೀರಿಕೊಳ್ಳಲು ಬಿಡುತ್ತಾರೆ. ನಂತರ ಅಳತೆಯಿಟ್ಟ ಅತಿನೇರಳೆ ಬೆಳಕನ್ನು ಇನ್ನರ್ಧ ಗಂಟೆ ಬಿಡುತ್ತಾರೆ. ಬೆಳಕು ಮತ್ತು ವಿಟಮಿನ್ ಸೇರಿ ನಾರುಗಳ ನಡುವೆ ಹೊಸ ಬೆಸುಗೆಗಳನ್ನು ಮೂಡಿಸುತ್ತವೆ. ಇದು ‘ಡ್ರೆಸ್ಡೆನ್ ವಿಧಾನ’. ಬೆಳಕಿನ ಪ್ರಮಾಣ ಹೆಚ್ಚಿಸಿ ಸಮಯ ಕಡಿಮೆ ಮಾಡಿದ ವಿಧಾನಗಳೂ ಈಗ ಬಂದಿವೆ. ಕಣ್ಣಿನೊಳಗೆ ಕತ್ತರಿಸುವುದಿಲ್ಲ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ಬಿ2 ಮಾತ್ರೆ ತಿಂದು ಬಿಸಿಲಿಗೆ ನಿಂತರೆ ಆಗದೇ ಎಂದು ಕೇಳಿದವರಿದ್ದಾರೆ. ಆಗದು. ಅಳತೆಯಿಲ್ಲದ ಅತಿನೇರಳೆ ಕಿರಣ ಕಣ್ಣಿಗೆ ಹಾನಿಯನ್ನೇ ಮಾಡುತ್ತದೆ. ಈ ಚಿಕಿತ್ಸೆಯಲ್ಲಿ ಕೂಡ ಒಳಗಿನ ಕೋಶಗಳು ಸುಡದಿರಲು ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕೆಂಬ ನಿಯಮವಿದೆ. ಅದಕ್ಕಿಂತ ತೆಳುವಾದರೆ ಬೇರೆ ಉಪಾಯಗಳನ್ನು ನೋಡಬೇಕು, ಎಲ್ಲರಿಗೂ ಆಗುವುದಿಲ್ಲ. ಆ ಹುಡುಗನ ಬಲಗಣ್ಣಿನಲ್ಲಿ ಆದದ್ದು ಇದೇ. ಕಾರ್ನಿಯಾ ಬಹಳ ತೆಳುವಾಗಿ ಕಲೆಯೂ ಬಿದ್ದಿತ್ತು.

ಎಷ್ಟು ಫಲಕಾರಿ?

ಕಾರ್ನಿಯಾದ ಉಬ್ಬನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಕನ್ನಡಕದ ನಂಬರ್ ಹೇಳುವುದೂ ಅದೇ ಅಳತೆಯಲ್ಲಿ. ಸಾಮಾನ್ಯ ಕಾರ್ನಿಯಾ ಸುಮಾರು 43-44 ಡಯಾಪ್ಟರ್ ಇರುತ್ತದೆ. ಕಾಯಿಲೆ ಬಲಿತರೆ 60 ದಾಟುವುದೂ ಉಂಟು.

ಡ್ರೆಸ್ಡೆನ್‌ನ ಮೊದಲ ವರದಿ ಬಂದದ್ದು 2003ರಲ್ಲಿ. 22 ಮಂದಿಯ 23 ಕಣ್ಣುಗಳಿಗೆ ಚಿಕಿತ್ಸೆ ಮಾಡಿದ್ದರು. ಎಲ್ಲದರಲ್ಲೂ ಕಾಯಿಲೆ ನಿಂತಿತು. 16 ಕಣ್ಣುಗಳಲ್ಲಿ ಉಬ್ಬು ಸುಮಾರು 2 ಡಯಾಪ್ಟರ್ ಇಳಿಯಿತು. ಆದರೆ ಅದು ಸಣ್ಣ ಅಧ್ಯಯನ, ಚಿಕಿತ್ಸೆ ಪಡೆಯದವರ ಜೊತೆ ಹೋಲಿಸಿರಲಿಲ್ಲ. ಮುಂದೆ ಹೋಲಿಸಿ ನೋಡಿದ ಅಧ್ಯಯನಗಳು ಬಂದವು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 100 ಕಣ್ಣುಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಇಲ್ಲದ ಕಣ್ಣುಗಳಲ್ಲಿ ಉಬ್ಬು ಸರಾಸರಿ 1.75 ಡಯಾಪ್ಟರ್ ಏರಿತ್ತು. ಚಿಕಿತ್ಸೆಯಾದ ಕಣ್ಣುಗಳಲ್ಲಿ 1.03 ಇಳಿದಿತ್ತು. ಅಮೆರಿಕದ ಹಲವು ಆಸ್ಪತ್ರೆಗಳ 205 ಮಂದಿಯ ಅಧ್ಯಯನದಲ್ಲೂ ಒಂದು ವರ್ಷದಲ್ಲಿ ಚಿಕಿತ್ಸೆಯಾದವರಲ್ಲಿ 1.6 ಇಳಿದು, ಆಗದವರಲ್ಲಿ 1.0 ಏರಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಚಿಕಿತ್ಸೆಗೆ ಅನುಮತಿ ಕೊಟ್ಟಿತು.

ತಂದೆತಾಯಂದಿರು ಮುಖ್ಯವಾಗಿ ಗಮನಿಸಬೇಕಾದದ್ದು ಬ್ರಿಟನ್ನಿನಲ್ಲಿ 10ರಿಂದ 16 ವರ್ಷದ 60 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ. ಒಂದೂವರೆ ವರ್ಷದ ನಂತರ ನೋಡಿದಾಗ, ಕ್ರಾಸ್‌ಲಿಂಕಿಂಗ್ ಆದ 30 ಮಕ್ಕಳಲ್ಲಿ 2 ಮಕ್ಕಳಿಗೆ ಮಾತ್ರ ಕಾಯಿಲೆ ಮುಂದುವರಿದಿತ್ತು. ಕನ್ನಡಕ, ಲೆನ್ಸ್ ಮಾತ್ರ ಪಡೆದ 28 ಮಕ್ಕಳಲ್ಲಿ 12 ಮಕ್ಕಳಿಗೆ ಮುಂದುವರಿದಿತ್ತು. ‘ಸ್ವಲ್ಪ ದಿನ ನೋಡೋಣ’ ಎಂದು ಕಾಯುವುದಕ್ಕೆ ಮಕ್ಕಳು ಕೊಡುವ ಬೆಲೆ ಇದು.

ದೊಡ್ಡ ಪರಿಣಾಮವೂ ಕಾಣುತ್ತಿದೆ. ನಾರ್ವೆಯ ಓಸ್ಲೋದ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಬಂದ ಮೇಲೆ ಕೆರಟೋಕೋನಸ್‌ಗಾಗಿ ಮಾಡುವ ಕಾರ್ನಿಯಾ ಕಸಿಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು.

ಏನನ್ನು ಮಾಡಲಾರದು?

ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಬಹಳ ಮಂದಿ ‘ಆಪರೇಷನ್ ಆದರೆ ಕನ್ನಡಕ ಹೋಗುತ್ತದೆ’ ಎಂದುಕೊಂಡು ಹೋಗಿ ನಿರಾಶರಾಗುತ್ತಾರೆ. ಕ್ರಾಸ್‌ಲಿಂಕಿಂಗ್ ಕಾಯಿಲೆ ಇದ್ದಲ್ಲೇ ನಿಲ್ಲಲು ಹಾಕುವ ಬೀಗ. ಕಳೆದುಹೋದ ದೃಷ್ಟಿಯನ್ನು ತಂದುಕೊಡುವುದು ಅದರ ಕೆಲಸವಲ್ಲ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ದೃಷ್ಟಿ ಸುಧಾರಿಸಿದ್ದು ಸರಾಸರಿ ಚಾರ್ಟಿನ ಒಂದು ಸಾಲಿನಷ್ಟು. ಹೆಚ್ಚಿನವರಿಗೆ ಆಮೇಲೂ ಕನ್ನಡಕವೋ ಲೆನ್ಸೋ ಬೇಕಾಗುತ್ತದೆ. ನಂಬರ್ ಓಡುವುದು ನಿಲ್ಲುತ್ತದೆ, ಅದೇ ಲಾಭ. ಬೇಗ ಬಂದವರಿಗೆ ಬೀಗ ಬೀಳುವುದು ಒಳ್ಳೆಯ ದೃಷ್ಟಿಯ ಮೇಲೆ, ತಡವಾಗಿ ಬಂದವರಿಗೆ ಮಂಜಾದ ದೃಷ್ಟಿಯ ಮೇಲೆ.

ಎಲ್ಲರಲ್ಲೂ ಸಫಲವಾಗುವುದೂ ಇಲ್ಲ. ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ 117 ಕಣ್ಣುಗಳನ್ನು ಒಂದು ವರ್ಷ ಗಮನಿಸಿದಾಗ (ವರದಿ 2009ರದ್ದು) ನೂರಕ್ಕೆ 7.6ರಲ್ಲಿ ಕಾಯಿಲೆ ಮುಂದುವರಿದಿತ್ತು. ನೂರಕ್ಕೆ 2.9ರಲ್ಲಿ ದೃಷ್ಟಿ ಎರಡು ಸಾಲು ಅಥವಾ ಹೆಚ್ಚು ಕಡಿಮೆಯಾಗಿತ್ತು. ಉಬ್ಬು 58 ಡಯಾಪ್ಟರ್ ದಾಟಿದವರಲ್ಲಿ ವಿಫಲತೆ ಹೆಚ್ಚು. ಕೆಲವರಿಗೆ ವರ್ಷಗಳ ನಂತರ ಮತ್ತೊಮ್ಮೆ ಮಾಡಬೇಕಾಗಬಹುದು.

ಮೊದಲ ಎರಡು ಮೂರು ದಿನ ನೋವು, ಉರಿ, ನೀರು ಸುರಿಯುವುದು ಸಾಮಾನ್ಯ. ಮೊದಲ ತಿಂಗಳು ದೃಷ್ಟಿ ಮುಂಚಿಗಿಂತ ಮಂಜಾಗಿರಬಹುದು. ಕೆಲವರಿಗೆ ಮಸುಕು ಕೆಲವು ತಿಂಗಳು ಉಳಿಯುತ್ತದೆ. ಅಪರೂಪಕ್ಕೆ ಸೋಂಕು, ಕಲೆ ಆಗುವುದುಂಟು. ನೋವು ಕಡಿಮೆಯಾಗುವ ಬದಲು ಹೆಚ್ಚಾದರೆ, ಕಣ್ಣು ಕೆಂಪೇರಿ ಕೀವು ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಯುನಾನಿಯಲ್ಲಿ ಔಷಧಿ ಇದೆಯೇ?

ಈ ಪ್ರಶ್ನೆಯನ್ನು ನನ್ನಲ್ಲಿ ದಿನವೂ ಕೇಳುತ್ತಾರೆ. ಯುನಾನಿ ಪದವೀಧರನಾಗಿ ನನ್ನ ಉತ್ತರ: ಉಬ್ಬುತ್ತಿರುವ ಕಾರ್ನಿಯಾವನ್ನು ಗಟ್ಟಿ ಮಾಡುವ ಸುರ್ಮಾ, ಅರ್ಕ್, ಮಾಜೂನ್ ನಮ್ಮಲ್ಲಿಲ್ಲ. ಕಣ್ಣಿನ ವಿದ್ಯೆಗೆ ನಮ್ಮ ಪೂರ್ವಿಕರ ಕೊಡುಗೆ ದೊಡ್ಡದು. ಹುನೈನ್ ಇಬ್ನ್ ಇಸ್‌ಹಾಕ್, ಅಲಿ ಇಬ್ನ್ ಈಸಾ ಅವರ ನೇತ್ರ ಗ್ರಂಥಗಳು ಯೂರೋಪಿನಲ್ಲೂ ಶತಮಾನಗಳ ಕಾಲ ಓದಿಗೆ ಬಂದವು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳಿಂದ ವಿವರಿಸಿದವರು ಇಬ್ನುಲ್ ಹೈಥಮ್. ಅವರೆಲ್ಲ ತಮ್ಮ ಕಾಲದ ಉತ್ತಮ ಜ್ಞಾನವನ್ನು ಯಾರಿಂದ ಸಿಕ್ಕಿದರೂ ಕಲಿತವರು. ಅವರ ಹೆಸರು ಹೇಳಿಕೊಂಡು ಇಂದಿನ ಚಿಕಿತ್ಸೆಯಿಂದ ರೋಗಿಯನ್ನು ದೂರ ಇಡುವುದು ಅವರಿಗೆ ಮಾಡುವ ಅಪಚಾರ.

ಮಾರುಕಟ್ಟೆಯ ಅನೇಕ ಸುರ್ಮಾಗಳಲ್ಲಿ ಸೀಸದ ಅಂಶವಿದೆ. ಸೀಸ ಮಕ್ಕಳ ಮಿದುಳಿಗೆ ವಿಷ. ಕಡ್ಡಿಯಿಂದ ಹಚ್ಚುವಾಗ ಕಣ್ಣಿಗೆ ಗೀರೂ ಬೀಳುತ್ತದೆ. ಜೇನು, ಈರುಳ್ಳಿ ರಸ, ಎದೆಹಾಲು ಕಣ್ಣಿಗೆ ಬಿಡಬೇಡಿ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ‘ಕೆಂಪು ಕಣ್ಣಿನ ಡ್ರಾಪ್ಸ್’ ತಂದು ತಿಂಗಳುಗಟ್ಟಲೆ ಹಾಕುವುದು ಇನ್ನೂ ಅಪಾಯ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ತಕ್ಷಣ ನಿಲ್ಲುತ್ತದೆ, ಆದರೆ ಮುಂದೆ ಗ್ಲಾಕೋಮಾ, ಪೊರೆ ಬರಬಹುದು.

ನಮ್ಮಂಥವರು ಮಾಡಬಹುದಾದ ಕೆಲಸವೂ ಇದೆ. ಅಲರ್ಜಿಯನ್ನು ಗುರುತಿಸುವುದು, ಕಣ್ಣುಜ್ಜುವುದನ್ನು ಬಿಡಿಸುವುದು, ಸರಿಯಾದ ಕಡೆಗೆ ಬೇಗ ಕಳುಹಿಸುವುದು. ತುರಿಕೆ ಬಂದಾಗ ಶುದ್ಧವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಒತ್ತದೆ ಐದು ನಿಮಿಷ ಇಡಿ. ಅಲರ್ಜಿಗೆ ಕಣ್ಣಿನ ವೈದ್ಯರು ಕೊಟ್ಟ ಹನಿಯನ್ನು ತಪ್ಪದೆ ಹಾಕಿ. ಕ್ರಾಸ್‌ಲಿಂಕಿಂಗ್ ಆದ ಮೇಲೂ ಕಣ್ಣುಜ್ಜುತ್ತಿದ್ದರೆ ಬೀಗ ಹಾಕಿ ಬಾಗಿಲು ಒಡೆದ ಹಾಗೆ.

ವುಝೂ, ನಮಾಝ್, ಉಪವಾಸ

ಚಿಕಿತ್ಸೆಯ ನಂತರ ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಇಡುತ್ತಾರೆ. ಮೇಲ್ಪದರ ಬೆಳೆಯುವವರೆಗೆ, ಸಾಮಾನ್ಯವಾಗಿ ಮೂರರಿಂದ ಐದು ದಿನ, ಅದು ಇರುತ್ತದೆ. ವೈದ್ಯರು ಹೇಳಿದಷ್ಟು ದಿನ ಕಣ್ಣಿಗೆ ನಲ್ಲಿ ನೀರು, ಸೋಪು ಬೀಳಬಾರದು. ವುಝೂ ಹೇಗೆ ಎಂಬ ಆತಂಕ ಬೇಡ. ಗಾಯವಿದ್ದವರಿಗೆ, ನೀರು ತಾಗಿದರೆ ಹಾನಿಯಾಗುವವರಿಗೆ ದೀನ್‌ನಲ್ಲಿ ರಿಯಾಯಿತಿಯಿದೆ. ಮಸಹ್ ಮಾಡಬೇಕೇ, ತಯಮ್ಮುಮ್ ಮಾಡಬೇಕೇ ಎಂಬುದನ್ನು ಚಿಕಿತ್ಸೆಗೆ ಮುಂಚೆಯೇ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಟ್ಟುಕೊಳ್ಳಿ. ಉಳಿದ ದಿನಗಳಲ್ಲೂ ವುಝೂ ಮಾಡುವಾಗ ಕಣ್ಣಿನೊಳಗೆ ನೀರು ಹಾಯಿಸಬೇಕಾಗಿಲ್ಲ, ರೆಪ್ಪೆಗಳನ್ನು ತಿಕ್ಕಬೇಕಾಗಿಯೂ ಇಲ್ಲ. ಮುಖದ ಮೇಲೆ ನೀರು ಹರಿದರೆ ಸಾಕು ಎಂದು ಮಕ್ಕಳಿಗೆ ಕಲಿಸಿ.

ರಮಝಾನ್‌ನಲ್ಲಿ ಉಪವಾಸ ಮುರಿಯುತ್ತದೆಂದು ಹಗಲಿನ ಹನಿಗಳನ್ನು ಬಿಡುವವರಿದ್ದಾರೆ. ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಹನಫಿ, ಶಾಫಿಈ ಮದ್‌ಹಬ್‌ಗಳ ಅಭಿಪ್ರಾಯ. ಮನಸ್ಸಿಗೆ ಸಂಶಯವಿದ್ದರೆ ಆಲಿಮರನ್ನು ಕೇಳಿ, ಹನಿ ಮಾತ್ರ ನಿಲ್ಲಿಸಬೇಡಿ. ಬಲಮಗ್ಗುಲಿಗೆ ಮಲಗುವುದು ಸುನ್ನತ್. ಹಾಗೆ ಮಲಗುವಾಗ ಭಾರ ಕೆನ್ನೆಯ ಮೇಲಿರಲಿ, ಕಣ್ಣು ದಿಂಬಿಗೆ ಒತ್ತದಿರಲಿ.

ತಡವಾದವರಿಗೆ ದಾರಿ ಇಲ್ಲವೇ?

ಇದೆ. ಕನ್ನಡಕದಲ್ಲಿ ಕಾಣದವರಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಹಾಕಿದರೆ ದೃಷ್ಟಿ ಚೆನ್ನಾಗಿ ಸುಧಾರಿಸುತ್ತದೆ. ಆ ಹುಡುಗನ ಬಲಗಣ್ಣಿಗೆ ಈಗ ಇರುವುದು ಇದೇ. ಆದರೆ ಲೆನ್ಸ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ದಿನವೂ ಶುಚಿಯಾಗಿ ಹಾಕಿ ತೆಗೆಯಬೇಕು. ಅದೂ ಆಗದಿದ್ದರೆ ಕೊನೆಯ ದಾರಿ ಕಾರ್ನಿಯಾ ಕಸಿ. ಕಸಿಯ ನಂತರ ವರ್ಷಗಟ್ಟಲೆ ಹನಿ, ತಪಾಸಣೆ, ದೇಹ ಅದನ್ನು ತಿರಸ್ಕರಿಸುವ ಭಯ ಇವೆಲ್ಲ ಇರುತ್ತವೆ. ಅದಕ್ಕೆ ಯಾರಾದರೂ ದಾನ ಮಾಡಿದ ಕಣ್ಣೂ ಬೇಕು. ಆ ಹಂತಕ್ಕೆ ಹೋಗದಂತೆ ಮೊದಲೇ ತಡೆಯುವುದು ಎಷ್ಟೋ ಸುಲಭ.

ಮನೆಯವರಿಗೆ ನನ್ನ ಕೋರಿಕೆ

ಮೇಲೆ ಹೇಳಿದ ಲಕ್ಷಣ ಕಂಡರೆ ಮಂಡ್ಯದ ಮಿಮ್ಸ್‌ನ ಕಣ್ಣಿನ ವಿಭಾಗದಲ್ಲಿ ಮೊದಲು ತೋರಿಸಿ. ಬೆಂಗಳೂರಿನಲ್ಲಿ ನೂರು ವರ್ಷ ದಾಟಿದ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ಮದ್ದೂರಿನಿಂದ ಬೆಂಗಳೂರು ಸುಮಾರು 80 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಚಿಕಿತ್ಸೆಗೆ ಮುಂಚೆ ಖರ್ಚು, ಸರ್ಕಾರಿ ಯೋಜನೆಯ ನೆರವು ಎರಡನ್ನೂ ಕೇಳಿ ತಿಳಿದುಕೊಳ್ಳಿ. ಹಿಂದಿನ ಎಲ್ಲ ಕನ್ನಡಕದ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಕಾಯಿಲೆ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ವೈದ್ಯರಿಗೆ ಅವು ಹೇಳುತ್ತವೆ. ವೈದ್ಯರು ಮೂರು ಅಥವಾ ಆರು ತಿಂಗಳಿಗೆ ಮತ್ತೆ ಬನ್ನಿ ಎಂದರೆ ತಪ್ಪಿಸಬೇಡಿ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರೆಲ್ಲರಿಗೂ ಟೋಪೋಗ್ರಫಿ ಮಾಡಿಸಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ‘ಸಂಬಂಧ ಬರುವ ವಯಸ್ಸು, ಕಣ್ಣಿನ ಕಾಯಿಲೆ ಎಂದು ಊರಿಗೆ ತಿಳಿದರೆ ಹೇಗೆ’ ಎಂದು ಮುಚ್ಚಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಗರ್ಭಿಣಿಯಾದಾಗ ಕೆಲವರಲ್ಲಿ ಈ ಕಾಯಿಲೆ ಹೆಚ್ಚಾದದ್ದು ದಾಖಲಾಗಿದೆ. ಮದುವೆಗೆ ಮುಂಚೆ ಚಿಕಿತ್ಸೆಯಾದರೆ ಆ ಮಗಳ ಮುಂದಿನ ಬದುಕಿಗೇ ಒಳ್ಳೆಯದು. ಮುಚ್ಚಿಟ್ಟ ಕಾಯಿಲೆ ಕೆಲವು ವರ್ಷಗಳಲ್ಲಿ ತಾನೇ ಹೊರಬೀಳುತ್ತದೆ, ಆಗ ಕಣ್ಣೂ ಹೋಗಿರುತ್ತದೆ, ನಂಬಿಕೆಯೂ ಹೋಗಿರುತ್ತದೆ.

ಆ ಹುಡುಗನ ತಾಯಿಗೆ ನಾನು ಇದನ್ನೇ ಹೇಳಿದ್ದೆ. ಮೊದಲು ಅವರು ಒಪ್ಪಲಿಲ್ಲ. “ಅವಳಿಗೆ ಏನೂ ಇಲ್ಲ ಡಾಕ್ಟರ್ ಸಾಬ್, ಚೆನ್ನಾಗಿ ಓದ್ತಾಳೆ” ಎಂದರು. ಎರಡು ತಿಂಗಳ ನಂತರ ಅಣ್ಣನ ತಪಾಸಣೆಗೆ ಹೋದಾಗ 13 ವರ್ಷದ ತಂಗಿಯನ್ನೂ ಕರೆದೊಯ್ದರು. ಅವಳ ಒಂದು ಕಣ್ಣಿನಲ್ಲಿ ಕಾಯಿಲೆ ಶುರುವಾಗಿತ್ತು. ಕಾರ್ನಿಯಾ ಇನ್ನೂ ದಪ್ಪವಾಗಿತ್ತು, ಚಿಕಿತ್ಸೆಯಾಯಿತು. ಈಗ ಅವಳು ಪಿಯುಸಿ ಓದುತ್ತಿದ್ದಾಳೆ. ಅಲ್‌ಹಮ್ದುಲಿಲ್ಲಾಹ್, ಅಂದು ಹಾಕಿದ ಕನ್ನಡಕದ ನಂಬರ್ ಇಂದಿಗೂ ಹೆಚ್ಚುಕಡಿಮೆ ಅದೇ ಇದೆ. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯುವುದನ್ನು ಪ್ರವಾದಿಯವರು(ಸ) ನಮಗೆ ಕಲಿಸಿದ್ದಾರೆ. ಗುಣ ಕೊಡುವವನು ಅಲ್ಲಾಹನು. ಸರಿಯಾದ ಸಮಯಕ್ಕೆ ಸರಿಯಾದ ಬಾಗಿಲು ತಟ್ಟುವುದು ನಮ್ಮ ಪಾಲಿನ ಕೆಲಸ.